ಹದಿನಾಲ್ಕನೆಯ ಕ್ಯಾಮೆರಾ

ನಮ್ಮ ಮನೆಗೆ ಬಂದ ಕ್ಯಾಮೆರಾಗಳಲ್ಲಿ ಮನೀಶನದ್ದು ಹದಿನಾಲ್ಕನೆಯದು. ಮೊದಮೊದಲು ಬರುತ್ತಿದ್ದವು ದೊಡ್ಡವು, ಒಳಗೆ ಕನ್ನಡಿ ಇದ್ದವು. ಗುಂಡಿ ಒತ್ತಿದರೆ ಕಪಾಟಿನ ಬಾಗಿಲು ಹಾಕಿದ ಹಾಗೆ ಶಬ್ದ. ಈಗೀಗ ಬರುವವು ಕನ್ನಡಿ ಇಲ್ಲದವು, ಮಿರರ್‌ಲೆಸ್ ಎಂದು ಹೆಸರು. ಗಾತ್ರದಲ್ಲಿ ಸಣ್ಣವು, ಹಗುರ. ಅದನ್ನು ಕುತ್ತಿಗೆಗೆ ಹಾಕಿಕೊಂಡವರ ನಡಿಗೆ ಮಾತ್ರ ಇನ್ನೂ ಹಗುರವಾಗಿಲ್ಲ.

ಎಣ್ಮಕಜೆಯಲ್ಲಿ ಗೇರು ತೋಟದ ಬದಿಯಲ್ಲಿ ನಮ್ಮ ಮನೆ. ಗೇರು ಮರದ ಕೀಟಕ್ಕೆಂದು ಹೆಲಿಕಾಪ್ಟರಿನಿಂದ ವಿಷದ ಮದ್ದು ಬಿಡುತ್ತಿದ್ದ ಕಾಲದಲ್ಲಿ ನಾನು ಇಲ್ಲಿಗೆ ಮದುವೆಯಾಗಿ ಬಂದವಳು. ಮಗಳು ಅಮ್ಮು ಹುಟ್ಟಿದ್ದು ಅದರ ಕೊನೆಯ ವರ್ಷಗಳಲ್ಲಿ. ಅವಳಿಗೆ ಈಗ ಇಪ್ಪತ್ತೈದು. ನಡೆಯುವುದಿಲ್ಲ, ಮಾತಿಲ್ಲ, ಕತ್ತು ಎಡಕ್ಕೆ ವಾಲುತ್ತದೆ. ನಗು ಮಾತ್ರ ಈ ಮನೆಯಲ್ಲಿ ಎಲ್ಲರಿಗಿಂತ ಅವಳಿಗೇ ಜಾಸ್ತಿ. ಫೋಟೋದ ಕೆಳಗೆ ಬರೆಯುವವರೆಲ್ಲ ಅವಳನ್ನು ‘ಹನ್ನೊಂದು ವರ್ಷದ ಮಗು’ ಎನ್ನುತ್ತಾರೆ. ಮೊದಲನೆಯವನು ಬಂದಾಗ ಅವಳಿಗೆ ನಿಜವಾಗಿ ಹನ್ನೊಂದೇ ಆಗಿತ್ತು. ಆಮೇಲೆ ಬಂದವರು ಅದನ್ನೇ ನೋಡಿ ಬರೆದುಕೊಂಡರು. ಹಾಗಾಗಿ ಪೇಪರಿನಲ್ಲಿ ಅವಳು ಇನ್ನೂ ಹನ್ನೊಂದು ದಾಟಿಲ್ಲ.

ಅವಳ ಫೋಟೋಗಳು ತುಂಬ ಊರು ನೋಡಿವೆ. ಏಳನೆಯವನ ಕ್ಯಾಮೆರಾ ಮುಖ ಹುಡುಕಿ ತಾನೇ ಫೋಕಸ್ ಮಾಡುವಂಥದ್ದು. ಅದು ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿಯ ಮುಖವನ್ನು ಹುಡುಕಿಕೊಂಡಿತು. ಲಕ್ಷ್ಮಿ ಮೂಗುತಿಯ ಹರಳಿನವರೆಗೆ ಸ್ಪಷ್ಟ, ಮುಂದೆ ಕೂತ ಅಮ್ಮು ಮಂಜು ಮಂಜು. ಅದಕ್ಕೆ ‘ದೇವರ ಮೌನ’ ಎಂದು ಹೆಸರಿಟ್ಟು ಎಲ್ಲಿಯೋ ಪ್ರದರ್ಶನಕ್ಕೆ ಇಟ್ಟರು. ಹನ್ನೆರಡನೆಯವನು ಶಬ್ದ ಬಾರದ ಹಾಗೆ ಸೆಟ್ಟಿಂಗ್ ಮಾಡಿಕೊಂಡು ಟ್ಯೂಬ್‌ಲೈಟಿನ ಕೆಳಗೆ ತೆಗೆದ. ಹಾಗೆ ತೆಗೆದರೆ ಫೋಟೋದಲ್ಲಿ ಕಪ್ಪು ಪಟ್ಟೆಗಳು ಬರುತ್ತವೆ ಎಂದು ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯಿತು; ನಮ್ಮ ಬೆಂಚಿನಲ್ಲಿ ಕೂತೇ ಆ ಸೆಟ್ಟಿಂಗ್ ಹುಡುಕಿ ಹುಡುಕಿ ಆಫ್ ಮಾಡಿದ. ಆದರೆ ಪಟ್ಟೆಯ ಫೋಟೋವನ್ನೂ ಬಿಸಾಡಲಿಲ್ಲ. ‘ಕಂಬಿಗಳ ಹಿಂದೆ’ ಎಂದು ಅದಕ್ಕೆ ಬಹುಮಾನ ಬಂತು.

ಹೀಗೆಲ್ಲ ಇದ್ದರೂ ಈ ಸಲ ಅಮ್ಮುವಿಗೆ ಬೇಕಾದ ಒಂದು ಫೋಟೋ ಮಾತ್ರ ನಮ್ಮ ಹತ್ತಿರ ಇರಲಿಲ್ಲ.

ಅವಳಿಗೆ ಫಿಟ್ಸಿನ ಮದ್ದು ಒಂದು ಕಾರ್ಡಿನ ಮೇಲೆ ಸಿಗುವುದು. ಐದು ವರ್ಷಕ್ಕೊಮ್ಮೆ ಕಾರ್ಡು ಹೊಸತು ಮಾಡಬೇಕು. ಈ ತಿಂಗಳ ಮೂವತ್ತೊಂದು ಕೊನೆಯ ದಿನ. ಕಾರ್ಡು ಇಲ್ಲದೆ ಆ ಮದ್ದು ಬೇಕೆಂದರೆ ಮಂಗಳೂರಿನ ಅಂಗಡಿಗಳಲ್ಲಿ ಹುಡುಕಬೇಕು, ಅಲ್ಲಿಯೂ ಯಾವಾಗಲೂ ಸಿಗುವುದಿಲ್ಲ. ಮೊದಲೊಮ್ಮೆ ಎರಡು ದಿನ ಮದ್ದು ತಪ್ಪಿ ಏನಾಯಿತೆಂದು ನಾನು ಇಲ್ಲಿ ಬರೆಯುವುದಿಲ್ಲ.

ಅರ್ಜಿ ಈಗ ಕಂಪ್ಯೂಟರಿನಲ್ಲಿ. ಫೋಟೋ ಹೊಸತಾಗಿರಬೇಕು, ಬಣ್ಣದ್ದಾಗಿರಬೇಕು, ಹಿಂದೆ ಬಿಳಿ ಇರಬೇಕು, ಮುಖ ನೇರ, ಕಣ್ಣು ಎರಡೂ ತೆರೆದಿರಬೇಕು, ಕಿವಿ ಎರಡೂ ಕಾಣಬೇಕು. ಪೆರ್ಲದಲ್ಲಿ ಅರ್ಜಿ ತುಂಬುವ ಅಂಗಡಿಯ ಗ್ಲೋರಿಯಾ ಒಳ್ಳೆಯ ಹುಡುಗಿ, ಆದರೆ ಕಂಪ್ಯೂಟರ್ ಒಪ್ಪದ್ದನ್ನು ಅವಳು ಒಪ್ಪಿಸುವುದು ಹೇಗೆ? ಮೊದಲ ಫೋಟೋ ಸ್ಟುಡಿಯೋದ್ದು. ಫ್ಲಾಶಿಗೆ ಹೆದರಿ ಅಮ್ಮು ಕಣ್ಣು ಮುಚ್ಚಿದ್ದಳು. ಎರಡನೆಯದು ಇವರು, ನನ್ನ ಗಂಡ, ಮೊಬೈಲಿನಲ್ಲಿ ತೆಗೆದದ್ದು. ಅದರಲ್ಲಿ ಅವಳ ಗಲ್ಲದ ಕೆಳಗೆ ನನ್ನ ಮೂರು ಬೆರಳು. ಮೂರನೆಯದು ಮಾಷ್ಟ್ರ ಸಲಹೆ.

ಮಾಷ್ಟ್ರು ಎಂದರೆ ಕೇಶವಪ್ರಸಾದ ಮಾಷ್ಟ್ರು. ಶಾಲೆಯಿಂದ ನಿವೃತ್ತರಾದ ಮೇಲೆ ಹೊರಗಿನಿಂದ ಬಂದವರಿಗೆ ನಮ್ಮಂಥ ಮನೆಗಳನ್ನು ತೋರಿಸುವ ಕೆಲಸವನ್ನು ತಾವಾಗಿಯೇ ವಹಿಸಿಕೊಂಡವರು. ಯಾವ ಮನೆಯಲ್ಲಿ ಎಷ್ಟು ಗಂಟೆಗೆ ಒಳ್ಳೆಯ ಬೆಳಕು ಬರುತ್ತದೆ ಎಂದು ಅವರಿಗೆ ಬಾಯಿಪಾಠ. ಯಾವ ಮನೆಯಲ್ಲಿ ಮದ್ದು ಮುಗಿದಿದೆ ಎಂದು ನೆನಪಿರುವುದಿಲ್ಲ.

“ಬಹುಮಾನ ಬಂದ ಫೋಟೋವನ್ನೇ ಕೊಟ್ಟುಬಿಡು ಈಶ್ವರಿ,” ಎಂದಿದ್ದರು. “ಅಷ್ಟು ದೊಡ್ಡ ಜಡ್ಜುಗಳು ಒಪ್ಪಿದ್ದನ್ನು ಈ ಕಂಪ್ಯೂಟರ್ ಬೇಡ ಅಂತದಾ?”

ಬೇಡ ಎಂದಿತು. ಮುಖ ಗುರುತಿಸಲಾಗುತ್ತಿಲ್ಲ ಎಂದು ಕೆಂಪು ಅಕ್ಷರದಲ್ಲಿ ಬಂತು. ನನಗೆ ಆ ಕಂಪ್ಯೂಟರಿನ ಮೇಲೆ ಸ್ವಲ್ಪ ಗೌರವ ಹುಟ್ಟಿದ್ದು ಆಗಲೇ.

ಆಯುಧ ಪೂಜೆ ಕಳೆದ ಎರಡನೆಯ ಭಾನುವಾರ. ಬಾಟಲಿಯಲ್ಲಿ ಒಂಬತ್ತು ದಿನದ ಮದ್ದು ಉಳಿದಿತ್ತು. ಅಮ್ಮುವಿಗೆ ಸ್ನಾನ ಮಾಡಿಸಿ, ತಲೆ ಒರೆಸಿ, ಹಳದಿ ಚೂಡಿದಾರ ಹಾಕಿ, ಬೆನ್ನಿಗೆ ಎರಡು ದಿಂಬು ಕೊಟ್ಟು ಕುರ್ಚಿಯಲ್ಲಿ ಕೂರಿಸಿದ್ದೆ. ಅಂಗಳದಲ್ಲಿ ಬೈಕು ನಿಂತಿತು.

“ಈಶ್ವರಿ, ಇವರು ಮನೀಶ್, ಮಂಗಳೂರಿನವರು,” ಎಂದರು ಮಾಷ್ಟ್ರು. ಇಸ್ತ್ರಿ ಮಾಡಿದ ಅಂಗಿ, ಎದೆಯ ಜೇಬಿನಲ್ಲಿ ಎರಡು ಪೆನ್ನು. ಫೋಟೋದ ಅಂಚಿನಲ್ಲಿ ಎಲ್ಲಿಯಾದರೂ ತಾನು ಬಂದರೆ ಇರಲಿ ಎಂದು ಅವರು ಯಾವಾಗಲೂ ತಯಾರಾಗಿಯೇ ಬರುವುದು. “ವಾರವಿಡೀ ಬ್ಯಾಂಕಿನಲ್ಲಿ ಕೆಲಸ, ಭಾನುವಾರ ಪೂರ್ತಿ ಫೋಟೋಗ್ರಫಿ. ಇವರ ಕ್ಲಬ್ಬಿನ ಸ್ಪರ್ಧೆ ಉಂಟು. ನಾಳೆಗೆ ಕಡೆಯ ದಿನ.”

“ವಿಷಯ ಎಂತ?” ಎಂದು ಕೇಳಿದೆ.

“ನೋವು,” ಎಂದ ಮನೀಶ. ಮೂವತ್ತು ಮೂವತ್ತೆರಡು ವರ್ಷದ ಹುಡುಗ. ಕೆಟ್ಟವನಲ್ಲ, ಮೆಟ್ಟು ಹೊರಗೆ ಬಿಟ್ಟು ಒಳಗೆ ಬಂದ. “ನಿಮಗೆ ಎಂತ ತೊಂದರೆ ಇಲ್ಲ ಅಕ್ಕ. ನಾನು ಇದ್ದೇನೆ ಅಂತ ಮರೆತುಬಿಡಿ. ಶಬ್ದ ಕೂಡ ಬರುದಿಲ್ಲ, ಸೈಲೆಂಟಲ್ಲಿ ಇಟ್ಟಿದ್ದೇನೆ. ಬ್ಲಾಕ್ ಆಂಡ್ ವೈಟ್.”

ಮಾತಾಡುತ್ತ ಅಮ್ಮುವಿನ ಹಿಂದಿನ ಕಿಟಕಿ ನೋಡಿದ, ಹಂಚಿನ ಮಾಡು ನೋಡಿದ, ನೆಲ ನೋಡಿದ. ಅವಳು ಅವನನ್ನೇ ನೋಡಿ ನಗುತ್ತಿದ್ದಳು. ಅದು ಕಿಟಕಿಗಿಂತ ಈಚೆ ಇದ್ದ ಕಾರಣ ಅವನಿಗೆ ಕಾಣಲಿಲ್ಲ.

ಚೀಲದಿಂದ ಕ್ಯಾಮೆರಾ ಹೊರಗೆ ಬಂತು. ಅದರ ತಲೆಯ ಮೇಲೆ ಗಂಧ, ನಡುವೆ ಕುಂಕುಮ. ಬೆಲ್ಟಿನ ಕೊಂಡಿಗೆ ಒಣಗಿದ ಸೇವಂತಿಗೆಯ ಎರಡು ಎಸಳು. ಹಿಂದಿನ ಬದಿಯಲ್ಲಿ, ಕಣ್ಣಿಟ್ಟು ನೋಡುವ ಕಿಂಡಿಯ ಮೇಲೆ ಇನ್ನೊಂದು ದಪ್ಪ ಬೊಟ್ಟು. ನಾನು ನೋಡುತ್ತಿರುವುದು ಕಂಡು ಅವನಿಗೆ ಸ್ವಲ್ಪ ನಾಚಿಕೆಯಾಯಿತು.

“ಅಮ್ಮ ಆಯುಧ ಪೂಜೆಗೆ ಇಟ್ಟದ್ದು. ಮಿಕ್ಸಿ, ಸ್ಕೂಟರ್, ಇದು, ಎಲ್ಲ ಒಟ್ಟಿಗೆ. ಅಳಿಸಿದ್ರೆ ಬೈತಾರೆ. ಪೂಜೆ ಆದ ಮೇಲೆ ಇವತ್ತೇ ಹೊರಗೆ ತೆಗೆದದ್ದು.”

ಅವನು ನೆಲದ ಮೇಲೆ ಬೋರಲಾಗಿ ಮಲಗಿದ. ಕೆಳಗಿನಿಂದ ತೆಗೆದರೆ ಮಾಡಿನ ಕಪ್ಪು ಹಂಚು ಅಮ್ಮುವಿನ ತಲೆಯ ಮೇಲೆ ಕುಸಿಯುವ ಹಾಗೆ ಕಾಣುತ್ತದಂತೆ. ನನ್ನ ಗಂಡ ಕಳೆದ ಮೇ ತಿಂಗಳಲ್ಲಿ ಒಂದೊಂದಾಗಿ ಕೂರಿಸಿದ ಹಂಚು; ಕುಸಿಯುವ ಅಂದಾಜು ಅದಕ್ಕೆ ಇರಲಿಲ್ಲ. ಮಲಗಿದವನು ಹಿಂದಿನ ಪರದೆಯನ್ನು ಮೇಲಕ್ಕೆ ಮಡಚಿ ನೋಡಿದ. ಪರದೆ ಕಪ್ಪು. ಆಫ್ ಮಾಡಿ ಆನ್ ಮಾಡಿದ. ಕಪ್ಪು. ಬ್ಯಾಟರಿ ತೆಗೆದು ಹಾಕಿದ. ಮೆಮೊರಿ ಕಾರ್ಡು ತೆಗೆದು, ಊದಿ, ಹಾಕಿದ. ಲೆನ್ಸನ್ನು ತಿರುಪಿ ತೆಗೆದು ಪುನಃ ತಿರುಪಿ ಹಾಕಿದ. ಎದ್ದು ಕೂತು ಕಿಂಡಿಗೆ ಕಣ್ಣಿಟ್ಟ.

“ಇದ್ರಲ್ಲಿ ಸರಿ ಕಾಣ್ತದೆ. ಸ್ಕ್ರೀನಲ್ಲಿ ಮಾತ್ರ ಇಲ್ಲ.”

“ಚಾರ್ಜ್ ಇಲ್ವೋ ಏನೋ,” ಎಂದರು ಮಾಷ್ಟ್ರು.

“ಚಾರ್ಜ್ ಇಲ್ಲದಿದ್ರೆ ಇದ್ರಲ್ಲಿ ಹೇಗೆ ಕಾಣುದು ಸರ್?”

“ಹಾಗಾದರೆ ಅರ್ಧ ಚಾರ್ಜ್ ಇರಬೇಕು.”

ನನಗೆ ಬೊಟ್ಟು ನೋಡಿದಾಗಲೇ ಮನಸ್ಸಿನ ಮೂಲೆಯಲ್ಲಿ ಏನೋ ಅಲ್ಲಾಡಿತ್ತು. ಈಗ ಅದು ಮುಂದೆ ಬಂದು ನಿಂತಿತು. ಶ್ರೀರಂಜಿನಿ.

ಶ್ರೀರಂಜಿನಿ ಒಂಬತ್ತನೆಯವಳು. ಕಾಲೇಜು ಹುಡುಗಿ. ಕ್ಯಾಮೆರಾವನ್ನು ಅಮ್ಮುವಿನ ಮಡಿಲಿಗೇ ಇಟ್ಟು ಪಕ್ಕದಲ್ಲಿ ಕೂತುಬಿಟ್ಟವಳು. ಅದರ ಕಿಂಡಿಯ ಮೇಲೆ ಅವರೆಕಾಳಿನಷ್ಟು ಒಂದು ಕಪ್ಪು ಗಾಜು ಇತ್ತು. ಯಾರಾದರೂ ಕಣ್ಣು ಹತ್ತಿರ ತಂದರೆ ಆ ಗಾಜಿಗೆ ಗೊತ್ತಾಗುತ್ತದೆ. ಕೂಡಲೇ ಹಿಂದಿನ ಪರದೆ ಆರಿ, ಚಿತ್ರ ಕಿಂಡಿಯೊಳಗೆ ಹೋಗುತ್ತದೆ. ಇದನ್ನು ಕಂಡುಹಿಡಿದವಳು ಅಮ್ಮು. ಅವಳ ಹೆಬ್ಬೆರಳು ಅಕಸ್ಮಾತ್ತಾಗಿ ಆ ಗಾಜಿನ ಮೇಲೆ ಹೋಯಿತು, ಪರದೆ ಆರಿತು. ಬೆರಳು ತೆಗೆದಳು, ಬೆಳಗಿತು. ಅವಳಿಗೆ ತನ್ನ ಬೆರಳಿನಿಂದ ಒಂದು ಕೆಲಸ ಆದದ್ದು ಅದೇ ಮೊದಲು. ಬ್ಯಾಟರಿ ಮುಗಿಯುವವರೆಗೆ ಆರಿಸಿದಳು, ಬೆಳಗಿಸಿದಳು, ನಕ್ಕಳು. ಶ್ರೀರಂಜಿನಿ ಒಂದು ಫೋಟೋವನ್ನೂ ತೆಗೆಯದೆ, ಗಂಜಿ ಮತ್ತು ಬಸಳೆ ಸಾಂಬಾರು ಉಂಡು ಹೋದಳು. ಅವಳಿಗೆ ಯಾವ ಬಹುಮಾನವೂ ಬಂದ ಸುದ್ದಿ ಇಲ್ಲ.

ಮನೀಶನ ತಾಯಿ ಬೊಟ್ಟು ಇಟ್ಟದ್ದು ಸರಿಯಾಗಿ ಆ ಗಾಜಿನ ಮೇಲೆ. ಒಣಗಿದ ಗಂಧವನ್ನು ಕ್ಯಾಮೆರಾ ಎರಡು ವಾರದಿಂದ ಯಾರದೋ ಕಣ್ಣು ಎಂದು ತಿಳಿದುಕೊಂಡಿದೆ.

“ಮನೀಶ್, ಆ ಗಂಧ ಉಂಟಲ್ಲ,” ಎಂದು ಬಾಯಿ ತೆರೆದೆ.

“ಈಶ್ವರಿ,” ಎಂದರು ಮಾಷ್ಟ್ರು, “ನೀನು ಒಂದು ಚಾ ಮಾಡು. ಇದು ಟೆಕ್ನಿಕಲ್ ವಿಷಯ.”

ನಾನು ಚಾ ಮಾಡಲು ಹೋದೆ. ಸಕ್ಕರೆ ಡಬ್ಬಿಯ ಪಕ್ಕದಲ್ಲೇ ಮದ್ದಿನ ಬಾಟಲಿ ಇತ್ತು. ಅದನ್ನು ಬೆಳಕಿಗೆ ಹಿಡಿದು ನೋಡುವುದು ಆ ವಾರ ನನಗೊಂದು ಚಾಳಿಯಾಗಿತ್ತು. ನೋಡಿದೆ. ಹೊರಗೆ ಚಾವಡಿಯಲ್ಲಿ ಲಕ್ಷ ರೂಪಾಯಿಯದ್ದೆಂದು ಮಾಷ್ಟ್ರು ಆಗಲೇ ಮೂರು ಸಲ ಹೇಳಿದ್ದ ಕ್ಯಾಮೆರಾ. ಒಳಗೆ ತಳ ಕಾಣುವ ಬಾಟಲಿ. ನೀರು ಕುದಿಯುವುದರೊಳಗೆ ನಾನು ಸುಮ್ಮನಿರುವುದೆಂದು ತೀರ್ಮಾನಿಸಿದೆ. ಜನ್ಮದಲ್ಲಿ ನಾನು ಗೊತ್ತಿದ್ದದ್ದನ್ನು ಯಾರಿಗೂ ಹೇಳದೆ ಉಳಿಸಿಕೊಂಡವಳಲ್ಲ. ಚಾಕ್ಕೆ ಸಕ್ಕರೆ ಸ್ವಲ್ಪ ಜಾಸ್ತಿ ಹಾಕಿದೆ.

ಹೊರಗೆ ಬಂದಾಗ ಮನೀಶ ಮಂಗಳೂರಿನ ಗೆಳೆಯ ಅಲ್ರಾಯ್‌ಗೆ ಫೋನು ಹಚ್ಚಿ ಸ್ಪೀಕರಿನಲ್ಲಿ ಹಾಕಿದ್ದ.

“ಎಂತ ಮಾರಾಯ,” ಎಂದಿತು ಫೋನು. “ನಾನು ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಈಗ ಹೊರಗೆ ಬಂದದ್ದಷ್ಟೆ.”

“ಸ್ಕ್ರೀನ್ ಹೋಗಿದೆ ಅಲ್ರಾಯ್. ವ್ಯೂಫೈಂಡರಲ್ಲಿ ಎಲ್ಲ ಉಂಟು.”

“ಮೆನುವಲ್ಲಿ ಒಂದು ಸೆಟ್ಟಿಂಗ್ ಉಂಟು ನೋಡು. ಸ್ಕ್ರೀನಾ, ವ್ಯೂಫೈಂಡರಾ ಅಂತ ಆರಿಸ್ಲಿಕ್ಕೆ.”

“ಯಾವ ಪೇಜಲ್ಲಿ?”

“ನನ್ನದು ಬೇರೆ ಕಂಪೆನಿ ಮಾರಾಯ, ನನಗೆ ಹೇಗೆ ಗೊತ್ತು? ಮ್ಯಾನ್ಯುಯಲ್ ನೋಡು.”

“ಮ್ಯಾನ್ಯುಯಲ್ ಡಬ್ಬಿಯಲ್ಲೇ ಉಂಟು. ಡಬ್ಬಿ ಅಟ್ಟದಲ್ಲಿ ಉಂಟು.”

“ಓದಿದ್ದೀಯಾ?”

“ಆರು ವರ್ಷದಿಂದ ಫೋಟೋ ತೆಗೀತಾ ಇದ್ದೇನೆ ಅಲ್ರಾಯ್. ಅದೆಲ್ಲ ಹೊಸಬರು ಓದುದು.”

“ಹಾಗಾದ್ರೆ ಹಳಬರು ಮಾಡುದನ್ನು ಮಾಡು. ರಿಸೆಟ್ ಹೊಡಿ.” ಫೋನು ಇಟ್ಟಿತು.

ಮನೀಶ ಕಿಂಡಿಗೆ ಒಂದು ಕಣ್ಣು ಅಂಟಿಸಿ, ಇನ್ನೊಂದನ್ನು ಚಿವುಟಿ ಮುಚ್ಚಿ, ಮೆನುವಿನ ಪುಟಗಳನ್ನು ಒಂದೊಂದಾಗಿ ತಿರುಗಿಸಿದ. ಬಾಯಿಯೂ ಕಣ್ಣಿನ ಜೊತೆ ಒಂದು ಬದಿಗೆ ಹೋಗಿತ್ತು. ಅಮ್ಮುವಿಗೆ ಅದು ಬಹಳ ಹಿಡಿಸಿತು. ಕೊನೆಗೆ ಅವನು ಏನನ್ನೋ ಒತ್ತಿದ. ಎಲ್ಲ ಅಳಿಸಲೇ ಎಂದು ಕ್ಯಾಮೆರಾ ಕೇಳಿತಂತೆ. ಹೌದು ಎಂದನಂತೆ. ಅದು ಕಾರ್ಖಾನೆಯಿಂದ ಬಂದ ದಿನದ ಹಾಗಾಯಿತು. ಇವತ್ತು ಎಷ್ಟನೇ ತಾರೀಕು ಎಂದು ಮಾತ್ರ ಕೇಳಿತು.

“ಪರದೆ?” ಎಂದರು ಮಾಷ್ಟ್ರು.

ಪರದೆ ಕಪ್ಪಾಗಿಯೇ ಇತ್ತು.

“ಇಲ್ಲಿಯ ಗಾಳಿಯಲ್ಲೇ ತೇವ ಜಾಸ್ತಿ,” ಎಂದು ಮನೀಶ ಊರನ್ನು ದೂರಿದ. “ಸರ್ವಿಸ್ ಸೆಂಟರಿಗೆ ಕಳಿಸಬೇಕು. ಇಪ್ಪತ್ತು ದಿನ. ನಾಳೆಗೆ ಸ್ಪರ್ಧೆ.” ಅವನ ಮುಖ ಸಣ್ಣದಾಯಿತು. ಆ ಹೊತ್ತಿಗೆ ನಿಜವಾಗಿ ನೋವಿನ ಫೋಟೋ ಬೇಕಿದ್ದರೆ ಚಾವಡಿಯಲ್ಲಿ ಒಂದು ಮುಖ ತಯಾರಿತ್ತು.

ಚಾ ಅವನ ಮುಂದಿಟ್ಟೆ. “ನಾನು ಸರಿ ಮಾಡಿ ಕೊಡ್ತೇನೆ,” ಎಂದೆ.

ಮಾಷ್ಟ್ರು ನಕ್ಕರು. “ಕುಕ್ಕರಿನ ವಾಷರ್ ಅಲ್ಲ ಅದು ಈಶ್ವರಿ.”

“ಅಲ್ಲ ಅಂತ ಗೊತ್ತುಂಟು ಮಾಷ್ಟ್ರೇ. ವಾಷರಾದ್ರೆ ನೀವು ಇಷ್ಟು ಹೊತ್ತು ಸುಮ್ಮನೆ ನೋಡ್ತಿರಲಿಲ್ಲ, ಅದಕ್ಕೂ ಒಂದು ಸಲಹೆ ಕೊಡ್ತಿದ್ರಿ.” ಮನೀಶನ ಕಡೆ ತಿರುಗಿದೆ. “ಸರಿ ಮಾಡ್ಲಿಕ್ಕೆ ಅರ್ಧ ನಿಮಿಷ ಬೇಡ. ಮೊದಲು ನನ್ನ ಮಗಳದ್ದು ಒಂದು ಫೋಟೋ ತೆಗೆದು ಕೊಡ್ಬೇಕು. ಪಾಸ್‌ಪೋರ್ಟ್ ಸೈಜಿನದ್ದು. ಹಿಂದೆ ಬಿಳಿ, ಮುಖ ನೇರ, ಎರಡು ಕಣ್ಣು, ಎರಡು ಕಿವಿ.”

“ಸ್ಕ್ರೀನ್ ಇಲ್ಲದೆ ಹೇಗೆ ಅಕ್ಕ?”

“ಕಿಂಡಿಯಲ್ಲಿ ಕಾಣ್ತದಲ್ಲ. ನೆಲದಿಂದ ಏಳಿ, ಸ್ಟೂಲಲ್ಲಿ ಕೂತ್ಕೊಳ್ಳಿ, ಅವಳ ಮುಖಕ್ಕೆ ಸಮವಾಗಿ. ಕಣ್ಣಿಟ್ಟು ನೋಡಿ ತೆಗೀರಿ.”

“ಪಾಸ್‌ಪೋರ್ಟ್ ಸೈಜ್ ನಾನು ತೆಗೆಯುದಿಲ್ಲ ಅಕ್ಕ,” ಎಂದ. ಹೇಳಿದ ಮೇಲೆ ಅವನಿಗೇ ಹೇಗೋ ಅನಿಸಿರಬೇಕು. “ಅಂದ್ರೆ, ತೆಗೆದು ಅಭ್ಯಾಸ ಇಲ್ಲ.”

“ಪರವಾಗಿಲ್ಲ. ಕಲೀಬಹುದು.”

ಮಾಷ್ಟ್ರು ಗಂಟಲು ಸರಿಪಡಿಸಿಕೊಂಡರು. “ಅತಿಥಿಗಳ ಹತ್ತಿರ ಹೀಗೆ ಶರತ್ತು ಹಾಕುವುದು ಚಂದ ಅಲ್ಲ ಈಶ್ವರಿ. ಇಷ್ಟು ದೂರದಿಂದ ಬಂದಿದ್ದಾರೆ.”

“ಹದಿಮೂರು ಜನ ಬಂದಾಗ ಶರತ್ತು ಹಾಕ್ಲಿಲ್ಲ ಮಾಷ್ಟ್ರೇ. ಮೂವತ್ತೊಂದಕ್ಕೆ ಕಾರ್ಡು ಮುಗೀತದೆ. ಅವಳ ಫೋಟೋ ದೆಹಲಿಗೆ ಹೋಗಿದೆ ಅಂತ ನೀವೇ ಹೇಳಿದ್ದು. ಪೆರ್ಲದವರೆಗೆ ಹೋಗುವಂಥ ಫೋಟೋ ಒಂದೂ ಇಲ್ಲ.”

ಮನೀಶ ಚಾ ಕುಡಿದ. ಅಮ್ಮುವನ್ನು ನೋಡಿದ. ಆ ದಿನ ಮೊದಲ ಸಲ ಅವನು ಅವಳ ಆಚೆಗಿನದ್ದನ್ನು ಬಿಟ್ಟು ಅವಳನ್ನೇ ನೋಡಿದ್ದೆಂದು ನನ್ನ ಅಂದಾಜು.

“ಕಾರ್ಡು ಎಂತದಕ್ಕೆ?”

“ಫಿಟ್ಸಿನ ಮದ್ದಿಗೆ.”

ಅವನು ಸ್ಟೂಲು ಎಳೆದುಕೊಂಡ.

ಇವರು ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದರು. ಕರೆದೆ. ಮಹಾಲಿಂಗ ಎಂದು ಅವರ ಹೆಸರು. ಮಾತು ಕಡಿಮೆ, ಅಮ್ಮುವಿನ ಹತ್ತಿರ ಮಾತ್ರ ಏನೇನೋ ಗುನುಗುತ್ತಿರುತ್ತಾರೆ. ಅವರ ಓಣಂ ಮುಂಡು ಬಿಳಿಯ ಪಂಚೆ, ಅದರ ಕಸವಿನ ಜರಿ ಅಂಚನ್ನು ಒಳಗೆ ಮಡಚಿ ಅಮ್ಮುವಿನ ಹಿಂದೆ ಹಗ್ಗಕ್ಕೆ ಹಾಕಿದೆವು. ಕ್ಯಾಲೆಂಡರಿನ ಲಕ್ಷ್ಮಿಯನ್ನು ಗೋಡೆಯ ಕಡೆಗೆ ತಿರುಗಿಸಿದೆ. ಹಾಗೆ ಮಾಡಿದ್ದೇಕೆಂದು ಮನೀಶ ಕೇಳಿದ.

“ನಿಮ್ಮ ಕ್ಯಾಮೆರಾ ಮುಖ ಹುಡುಕ್ತದೆ ಅಲ್ವಾ? ಎರಡು ಮುಖ ಇದ್ರೆ ದೇವರದ್ದನ್ನು ಹಿಡೀತದೆ. ಒಬ್ಬ ಹಾಗೇ ಮಾಡಿ ಹೋಗಿದ್ದಾನೆ.”

ಅವನು ಕಿಂಡಿಗೆ ಕಣ್ಣಿಟ್ಟು ಸ್ವಲ್ಪ ಹೊತ್ತು ನೋಡಿ, “ಕತ್ತು ವಾಲ್ತದೆ ಅಕ್ಕ. ಕಣ್ಣಿಗೆ ಫೋಕಸಿನ ಚೌಕ ಬೀಳುದಿಲ್ಲ, ಅದು ಹೋಗಿ ಹೋಗಿ ಕಿವಿಗೆ ನಿಲ್ತದೆ,” ಎಂದ.

“ನಾನು ಹಿಡೀತೇನೆ.”

“ಫೋಟೋದಲ್ಲಿ ನಿಮ್ಮ ಕೈ ಬೀಳ್ತದೆ.”

“ಬೀಳುದಿಲ್ಲ.”

ನಾನು ಮುಂಡಿನ ಹಿಂದೆ ಹೋಗಿ ನಿಂತೆ. ಬಟ್ಟೆಯ ಹಿಂದಿನಿಂದಲೇ ಎರಡು ಅಂಗೈಯಲ್ಲಿ ಅಮ್ಮುವಿನ ತಲೆಯನ್ನು ಹಿಡಿದೆ. ಎದುರಿಗಿದ್ದವರಿಗೆ ಬಿಳಿ ಬಟ್ಟೆ, ಅದಕ್ಕೆ ಒರಗಿದ ಮುಖ, ಅಷ್ಟೇ ಕಾಣುವುದು. ನನಗೆ ಕಾಣುವುದು ಬಿಳಿ ಬಟ್ಟೆ ಮಾತ್ರ. ಅವಳ ತಲೆಯ ಭಾರ ನನಗೆ ಇಪ್ಪತ್ತೈದು ವರ್ಷದಿಂದ ಗೊತ್ತು. ಸ್ನಾನ ಮಾಡಿಸುವಾಗಿನದ್ದು ಬೇರೆ, ನಿದ್ದೆಯಲ್ಲಿನದ್ದು ಬೇರೆ, ಫಿಟ್ಸ್ ಬಂದು ಬಿಟ್ಟ ಮೇಲಿನದ್ದು ಬೇರೆ.

“ಇಲ್ಲಿ ನೋಡು ಪುಟ್ಟಾ, ಇಲ್ಲಿ ಇಲ್ಲಿ,” ಎಂದು ಮಾಷ್ಟ್ರು ಚಪ್ಪಾಳೆ ತಟ್ಟುವುದು ಕೇಳಿತು. ಅವಳ ತಲೆ ಚಪ್ಪಾಳೆಯ ಕಡೆ ಹೊರಳಿತು.

“ಮಾಷ್ಟ್ರೇ, ನೀವು ಸುಮ್ಮನಿರಿ. ನೀವು ಕರೆದ್ರೆ ನಿಮ್ಮನ್ನೇ ನೋಡ್ತಾಳೆ. ಮನೀಶ್, ನೀವು ಒತ್ತಿ. ಸುಮ್ಮನೆ ಒತ್ತಿ.”

ಕ್ಲಿಕ್ ಎಂದಿತು.

ಅವನು ‘ಅಯ್ಯೋ’ ಎಂದ. ಸೈಲೆಂಟ್ ಸೆಟ್ಟಿಂಗು ರಿಸೆಟ್ಟಿನಲ್ಲಿ ಅಳಿಸಿ ಹೋಗಿತ್ತು. ಸಣ್ಣ, ಗರಿಗರಿ ಶಬ್ದ, ಸಂಜೆ ಗೋಡೆಯ ಹಲ್ಲಿ ಲೊಚಗುಟ್ಟಿದ ಹಾಗೆ. ಅಮ್ಮುವಿಗೆ ಹಲ್ಲಿ ಎಂದರೆ ಪ್ರಾಣ. ನನ್ನ ಅಂಗೈಯಲ್ಲಿದ್ದ ತಲೆ ಒಂದು ಕ್ಷಣ ತಡೆಯಿತು.

“ಇನ್ನೊಮ್ಮೆ,” ಎಂದೆ.

ಕ್ಲಿಕ್.

ಅಂಗೈ ಹಗುರಾಯಿತು. ಅವಳು ತಾನಾಗಿ ತಲೆ ಎತ್ತಿದ್ದಳು, ಆ ಶಬ್ದ ಎಲ್ಲಿಂದ ಬಂತೆಂದು ನೋಡಲು. ನಾನು ಕೈ ತೆಗೆಯಲಿಲ್ಲ. ಬಟ್ಟೆಯ ಈಚೆ ಹಾಗೆಯೇ ಹಿಡಿದಿದ್ದೆ, ಭಾರವಿಲ್ಲದ್ದನ್ನು. ಕ್ಲಿಕ್, ಕ್ಲಿಕ್ ಎಂದು ಎರಡು ಸಲ ಕೇಳಿತು. ಆಮೇಲೆ ಅವಳ ನಗು. ಆಮೇಲೆ ತಲೆ ಪುನಃ ನನ್ನ ಕೈಗೆ ಬಂದು ಕೂತಿತು.

“ಬಂತಾ?”

ಇವರು ಹೇಳಿದರು, “ಬಂತು.”

ನಾನು ಅಷ್ಟಕ್ಕೆ ಬಿಡಲಿಲ್ಲ. ಫೋಟೋವನ್ನು ಅವನ ಮೊಬೈಲಿಗೆ ಹಾಕಿಸಿ, ಅಲ್ಲಿಂದ ನನ್ನ ಮೊಬೈಲಿಗೆ ತರಿಸಿ, ಕನ್ನಡಕ ಹಾಕಿ ನೋಡಿದೆ. ಹಿಂದೆ ಬಿಳಿ. ಮುಖ ನೇರ. ಎರಡು ಕಿವಿ, ಎರಡರಲ್ಲೂ ಅವಳ ಸಣ್ಣ ಬೆಂಡೋಲೆ. ಕಣ್ಣು ಎರಡೂ ತೆರೆದು ನೇರ ನನ್ನನ್ನು ನೋಡುತ್ತಿದ್ದವು. ಚೂಡಿದಾರದ ಹಳದಿ ಹಳದಿಯಾಗಿಯೇ ಇತ್ತು; ಬ್ಲಾಕ್ ಆಂಡ್ ವೈಟಿನ ಸೆಟ್ಟಿಂಗೂ ಅಳಿಸಿತ್ತಲ್ಲ. ಅವಳು ಇಪ್ಪತ್ತೈದು ವರ್ಷದವಳ ಹಾಗೆ ಕಂಡಳು.

ಒದ್ದೆ ಬಟ್ಟೆಯ ತುದಿ ತಂದು ಕ್ಯಾಮೆರಾ ಕೈಗೆ ತೆಗೆದುಕೊಂಡೆ. ಕಿಂಡಿಯ ಮೇಲಿನ ಗಾಜಿನಷ್ಟೇ ಜಾಗದ ಗಂಧವನ್ನು ಒರೆಸಿದೆ. ಪರದೆ ಬೆಳಗಿತು. ತಲೆಯ ಮೇಲಿನ ಬೊಟ್ಟು, ಕುಂಕುಮ, ಸೇವಂತಿಗೆ ಎಸಳು ಹಾಗೆಯೇ ಬಿಟ್ಟೆ.

“ಇಷ್ಟೆಯಾ?” ಎಂದ ಮನೀಶ.

“ಇಷ್ಟೆ. ಅಮ್ಮನಿಗೆ ಬೈಬೇಡಿ. ಬರುವ ವರ್ಷ ಇಡುವಾಗ ಸ್ವಲ್ಪ ಬಲಕ್ಕೆ ಇಡ್ಲಿಕ್ಕೆ ಹೇಳಿ.”

“ನಿಮಗೆ ಮೊದಲೇ ಗೊತ್ತಿತ್ತಾ?”

“ಮೊದಲೇ ಹೇಳ್ಲಿಕ್ಕೆ ಹೊರಟಿದ್ದೆ. ಟೆಕ್ನಿಕಲ್ ವಿಷಯ ಅಂದ್ರು ಮಾಷ್ಟ್ರು.”

ಮಾಷ್ಟ್ರು ಖಾಲಿ ಲೋಟದಿಂದ ಇನ್ನೊಂದು ಗುಟುಕು ಕುಡಿದರು.

ನಮ್ಮ ಮಾತು ಮುಗಿದಿತ್ತು, ಇನ್ನು ಅವನ ಸ್ಪರ್ಧೆ. ಹಗ್ಗದಿಂದ ಮುಂಡು ತೆಗೆದೆ. ಅವನು ನೆಲದಲ್ಲಿ ಮಲಗಿದ, ಪರದೆ ಮಡಚಿದ, ಹಂಚು ಕುಸಿಯುವಂತೆ ಕೋನ ಸರಿಮಾಡಿಕೊಂಡು ಒತ್ತಿದ. ಕ್ಲಿಕ್. ಅಮ್ಮು ನಕ್ಕಳು. ಅವನು ಕಾದ. ಅವಳ ನಗು ಇಳಿಯಿತು. ಒತ್ತಿದ. ಕ್ಲಿಕ್. ಅವಳು ಇನ್ನೂ ಜೋರಾಗಿ ನಕ್ಕಳು. ನೆಲದಲ್ಲಿ ಮಲಗಿ ಹಲ್ಲಿಯ ಶಬ್ದ ಮಾಡುವ ಮನುಷ್ಯನನ್ನು ಅವಳು ಇದುವರೆಗೆ ಕಂಡಿರಲಿಲ್ಲ.

“ಸೈಲೆಂಟ್ ಮಾಡ್ಬೇಕು,” ಎಂದು ಮೆನು ತೆರೆದ. ಒಂದನೇ ಪುಟ, ಎರಡನೇ ಪುಟ, ಐದನೇ ಪುಟ. “ಅದು ಎಲ್ಲಿ ಇತ್ತು? ತಗೊಂಡ ದಿನ ಅಂಗಡಿಯವನೇ ಮಾಡಿ ಕೊಟ್ಟದ್ದು.”

ಅದು ಎಲ್ಲಿರುತ್ತದೆಂದು ನಾನು ನೋಡಿದ್ದೆ. ಹನ್ನೆರಡನೆಯವನ ಕ್ಯಾಮೆರಾವೂ ಇದೇ ಕಂಪೆನಿಯದ್ದು. ಹೇಳಲಿಲ್ಲ. ಬಸಳೆ ಸೋಸಲು ಕೂತೆ.

ಹತ್ತು ಹನ್ನೆರಡು ಕ್ಲಿಕ್ ಆದ ಮೇಲೆ ಅವನು ಎದ್ದು ಕೂತ. ಅಂಗಿಯ ಎದೆಗೆ ನೆಲದ ಪುಡಿ. “ಅಕ್ಕ, ಅವಳನ್ನು ಸ್ವಲ್ಪ ನಗದ ಹಾಗೆ ಮಾಡ್ಲಿಕ್ಕೆ ಆಗ್ತದಾ?”

“ಇಪ್ಪತ್ತೈದು ವರ್ಷದಿಂದ ಅದರ ಉಲ್ಟಾ ಮಾಡ್ತಾ ಬಂದವಳು ನಾನು. ಇದು ಅಭ್ಯಾಸ ಇಲ್ಲ.”

ಅವನು ತಲೆ ತಗ್ಗಿಸಿದ. ಹೇಳಿದ್ದು ಸ್ವಲ್ಪ ಖಾರವಾಯಿತೆಂದು ಆಮೇಲೆ ಅನಿಸಿತು. ಹಿಂದಕ್ಕೆ ತೆಗೆದುಕೊಳ್ಳಬೇಕು ಎನಿಸುವಷ್ಟು ಅಲ್ಲ.

ಮಾಷ್ಟ್ರು ಅವನ ಭುಜ ತಟ್ಟಿದರು. “ಬೇಜಾರು ಮಾಡ್ಬೇಡಿ. ಗುಡ್ಡದ ಆಚೆ ಇನ್ನೊಂದು ಮನೆ ಉಂಟು. ಅಲ್ಲಿ ನಗುವವರು ಯಾರೂ ಇಲ್ಲ. ಬೆಳಕೂ ಈಗ ಸರಿ ಇರ್ತದೆ.”

ಮನೀಶ ಕ್ಯಾಮೆರಾವನ್ನು ಚೀಲಕ್ಕೆ ಹಾಕಿದ. ಬಾಗಿಲಲ್ಲಿ ನಿಂತು ಏನೋ ಹೇಳಲು ಹೊರಟು, “ಫೋಟೋ ಸರಿಯಾಗದಿದ್ರೆ ಫೋನು ಮಾಡಿ ಅಕ್ಕ,” ಎಂದಷ್ಟೇ ಹೇಳಿದ. ಗುಡ್ಡದ ಆಚೆ ಹೋದನೋ ಮಂಗಳೂರಿಗೆ ಹೋದನೋ ನನಗೆ ಗೊತ್ತಿಲ್ಲ. ಬೈಕಿನ ಶಬ್ದ ತಿರುವಿನವರೆಗೆ ಕೇಳಿತು, ಆಮೇಲೆ ನನ್ನ ಗಂಜಿ ಉಕ್ಕಿತು.

ಮರುದಿನ ಪೆರ್ಲದಲ್ಲಿ ಗ್ಲೋರಿಯಾ ಫೋಟೋ ಹಾಕಿದಳು. ನಾನು ಕಂಪ್ಯೂಟರನ್ನು ನೋಡಲಿಲ್ಲ, ಅವಳ ಮುಖ ನೋಡಿದೆ.

“ತಗೊಂಡಿತು ಅಕ್ಕ,” ಎಂದಳು. “ಚಂದ ಉಂಟು ಫೋಟೋ. ಯಾವ ಸ್ಟುಡಿಯೋ?”

“ಮನೆಯಲ್ಲೇ ತೆಗೆದದ್ದು.”

“ಯಾರು ತೆಗೆದದ್ದು?”

ಗೆಳೆಯನ ಮಾತು ಕೇಳಿ ರಿಸೆಟ್ ಹೊಡೆದ ಒಬ್ಬ, ಗಂಧ ಇಟ್ಟ ಒಬ್ಬ ತಾಯಿ, ಮುಂಡು ಕೊಟ್ಟ ಅಪ್ಪ, ಹಲ್ಲಿ. ಅಷ್ಟೆಲ್ಲ ಹೇಳಲು ಹೊತ್ತಿರಲಿಲ್ಲ, ಹಿಂದೆ ಸಾಲಿನಲ್ಲಿ ಏಳು ಜನ ಇದ್ದರು. “ಒಬ್ಬ ಹುಡುಗ,” ಎಂದೆ.

ಬಾಟಲಿಯಲ್ಲಿ ಎರಡು ದಿನದ ಮದ್ದು ಇರುವಾಗ ಕಾರ್ಡು ಕೈಗೆ ಬಂತು. ಹೆಸರು ವಸುಮತಿ ಎಂದು. ಅದು ನನ್ನ ಅತ್ತೆಯ ಹೆಸರು, ಶಾಲೆಗೆ ಹೋಗಿದ್ದರೆ ಅಮ್ಮುವನ್ನು ಹಾಗೆ ಕರೆಯುತ್ತಿದ್ದರು. ವಯಸ್ಸು ಇಪ್ಪತ್ತೈದು. ಮೂಲೆಯಲ್ಲಿ ಹೆಬ್ಬೆರಳಿನಷ್ಟು ಫೋಟೋ, ಹೊಳೆಯುವ ಪ್ಲಾಸ್ಟಿಕ್ಕಿನ ಒಳಗೆ. ಅಂದೇ ಮದ್ದು ತಂದೆವು.

ಕಾರ್ಡನ್ನು ಅಮ್ಮುವಿನ ಕೈಗೆ ಕೊಟ್ಟೆ. ತುಂಬ ಹೊತ್ತು ನೋಡಿದಳು. ಆಮೇಲೆ ಹೆಬ್ಬೆರಳನ್ನು ನಿಧಾನವಾಗಿ ತಂದು ಆ ಫೋಟೋದ ಮೇಲೆ ಇಟ್ಟು, ಅದು ಆರಲಿ ಎಂದು ಕಾದಳು. ಬೆರಳು ತೆಗೆದಳು. ಮುಖ ಅಲ್ಲಿಯೇ ಇತ್ತು. ಪುನಃ ಮುಚ್ಚಿದಳು, ಪುನಃ ತೆಗೆದಳು. ಇತ್ತು. ಅವಳು ನಗುತ್ತ ನನ್ನ ಕಡೆ ನೋಡಿದಳು, ಇದು ಹಾಳಾಗಿದೆ, ಆರುವುದಿಲ್ಲ ಎನ್ನುವ ಹಾಗೆ.